ತಾಯಿ ಹಾಡಿದ ಚರಣ: ಒಂದು ಐರಿಷ್ ಜಿಗ್‌ನ ಬೆನ್ನು ಹತ್ತಿ

ಸೋಮವಾರ, ಡಬ್ಲಿನ್

ಐರ್ಲೆಂಡಿನ ಜಿಗ್ ಎಂಬ ಕುಣಿತದ ಧಾಟಿಗಳಲ್ಲಿ ಬಹುಪಾಲಿಗೆ ಎರಡೇ ಚರಣ. ಎಂಟೆಂಟು ಆವರ್ತನಗಳ ಎರಡು ಚರಣಗಳನ್ನು ತಲಾ ಎರಡು ಸಲ ನುಡಿಸಿದರೆ ಒಂದು ಸುತ್ತು ಮುಗಿಯಿತು. ‘ದಿ ಫ್ರೀಜ್ ಬ್ರಿಚಸ್’ ಎಂಬ ಜಿಗ್ ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಒರಟು ಉಣ್ಣೆ ಬಟ್ಟೆಯ ಚಲ್ಲಣದ ಹೆಸರು ಹೊತ್ತ ಈ ಧಾಟಿಯನ್ನು ಇಂದಿನ ಕೂಟಗಳಲ್ಲಿ ಸಾಮಾನ್ಯವಾಗಿ ಐದು ಚರಣಗಳಲ್ಲಿ ನುಡಿಸುತ್ತಾರೆ. ಶಿಕಾಗೋದಲ್ಲಿ 1903ರಲ್ಲಿ ಹೊರಬಂದ ಸಂಗ್ರಹವೊಂದರಲ್ಲಿ ಇದಕ್ಕೆ ಆರು ಚರಣಗಳಿವೆ. ಹೆಚ್ಚಿನ ಆ ಒಂದು ಚರಣ ಎಲ್ಲಿಂದ ಬಂತು, ಯಾರ ಬಾಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಮುದ್ರಿತ ಸ್ವರಲಿಪಿಗಳಲ್ಲೂ ಧ್ವನಿಮುದ್ರಣಗಳಲ್ಲೂ ಹುಡುಕಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಅಕ್ಟೋಬರಿನ ರಜೆಯನ್ನು ಅದಕ್ಕೇ ಎತ್ತಿಟ್ಟೆ.

ಹುಡುಕಾಟ ಶುರುವಾಗಬೇಕಾದದ್ದು ಮೆರಿಯನ್ ಚೌಕದ 73ನೇ ನಂಬರಿನ ಕಟ್ಟಡದಲ್ಲಿ. 1987ರಲ್ಲಿ ಸ್ಥಾಪನೆಯಾದ ಐರಿಷ್ ಸಾಂಪ್ರದಾಯಿಕ ಸಂಗೀತದ ಸಂಗ್ರಹಾಲಯ ಅಲ್ಲಿದೆ. ಒಳಗೆ ಹೋಗಿ ಏನು ಬೇಕೆಂದು ಹೇಳಿದರೆ ಸಿಬ್ಬಂದಿಯೇ ದಾರಿ ತೋರುತ್ತಾರೆ. ಓದುವುದಕ್ಕೂ ಕೇಳುವುದಕ್ಕೂ ಹಣ ಕೊಡಬೇಕಾಗಿಲ್ಲ. ನಾನು ಕೇಳಿದ್ದು ಫ್ರಾನ್ಸಿಸ್ ಓನೀಲ್ ಅವರ ಎರಡು ಸಂಗ್ರಹಗಳನ್ನು: 1,850 ಧಾಟಿಗಳಿರುವ 1903ರ ದೊಡ್ಡ ಪುಸ್ತಕ ಮತ್ತು 1,001 ಕುಣಿತದ ಧಾಟಿಗಳಿರುವ 1907ರ ಪುಸ್ತಕ. ಕಾರ್ಕ್ ಜಿಲ್ಲೆಯ ಹಳ್ಳಿಯೊಂದರಿಂದ ಹೊರಟ ಈ ಮನುಷ್ಯ 1901ರಿಂದ 1905ರವರೆಗೆ ಶಿಕಾಗೋ ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದರು. ಕೊಳಲು ಬಲ್ಲವರು, ನೂರಾರು ಧಾಟಿಗಳನ್ನು ತಲೆಯಲ್ಲಿ ಇಟ್ಟುಕೊಂಡವರು. ಆದರೆ ಸ್ವರಲಿಪಿ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಅವರು ನುಡಿಸುತ್ತಲೋ ಶಿಳ್ಳೆ ಹಾಕುತ್ತಲೋ ಹೋದದ್ದನ್ನು ಕಾಗದಕ್ಕೆ ಇಳಿಸಿದವರು ಅದೇ ಕುಲನಾಮದ, ಅದೇ ಪೊಲೀಸ್ ಪಡೆಯ, ಬೆಲ್‌ಫಾಸ್ಟಿನಲ್ಲಿ ಬೆಳೆದ ಪಿಟೀಲುವಾದಕ ಜೇಮ್ಸ್ ಓನೀಲ್.

ಹೆಚ್ಚಿನ ಚರಣದ ಸುಳಿವು ಇರುವುದು ಫ್ರಾನ್ಸಿಸ್ ಓನೀಲ್ 1910ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಲ್ಲಿ. ಈ ಧಾಟಿ ಒಂದಲ್ಲ ಒಂದು ರೂಪದಲ್ಲಿ ಮನ್‌ಸ್ಟರ್ ಸೀಮೆಯ ಎಲ್ಲ ಕಡೆಗೂ ಗೊತ್ತಿದೆ ಎಂದು ಹೇಳಿ, ತಮ್ಮ ತಾಯಿ ಇದನ್ನು ಹಾಡುತ್ತಿದ್ದಾಗ ಕೇಳಿ ನೆನಪಿನಲ್ಲಿ ಉಳಿದಿದ್ದ ಒಂದು ಚರಣವನ್ನು ಪೈಪರ್, ಅಂದರೆ ಚೀಲವಾದ್ಯ ನುಡಿಸುವವರಾದ ಬರ್ನಾರ್ಡ್ ಡಿಲೇನಿ ಅವರು ನುಡಿಸುತ್ತಿದ್ದ ರೂಪಕ್ಕೆ ಸೇರಿಸಿದ್ದರಿಂದ ಅಚ್ಚಿನಲ್ಲಿ ಆರು ಆದವು ಎಂದು ಅವರು ಬರೆದಿದ್ದಾರೆ. ಹೆಂಡತಿಯನ್ನು ಹೂತು ಅವಳ ಗೋರಿಯ ಮೇಲೆ ಕುಣಿದವನ ಕುರಿತ ಒಂದು ಹಳ್ಳಿಯ ಹಾಡನ್ನೂ ಇದೇ ಧಾಟಿಗೆ ಹಾಡುತ್ತಿದ್ದರಂತೆ. ತಾಯಿಯ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅದಾದ ಮೇಲೆ 1903ರ ಪುಟವನ್ನು ಮತ್ತೆ ತೆರೆದು ನೋಡಿದರೆ, ಆರು ಚರಣಗಳೂ ಒಂದೇ ಬಗೆಯ ಅಚ್ಚಿನಲ್ಲಿ ಒಂದರ ಕೆಳಗೊಂದು ಬರುತ್ತವೆ. ಇದು ಡಿಲೇನಿಯದು, ಇದು ತಾಯಿಯದು ಎಂಬ ಗುರುತು ಎಲ್ಲೂ ಇಲ್ಲ. ಇಡೀ ಮಧ್ಯಾಹ್ನ ಆ ಪುಟವನ್ನು ಪೆನ್ಸಿಲ್ಲಿನಿಂದ ನಕಲು ಮಾಡಿಕೊಂಡು, ಚರಣ ಚರಣಕ್ಕೂ ನಡುವೆ ಒಂದೊಂದು ಸಾಲು ಖಾಲಿ ಬಿಟ್ಟೆ.

ಮಂಗಳವಾರ, ಡಬ್ಲಿನ್ ಮತ್ತು ನೋಲ್

ಹೆನ್ರಿಯೆಟ್ಟಾ ಬೀದಿಯ 15ನೇ ನಂಬರಿನಲ್ಲಿ ಪೈಪರ್‌ಗಳ ಸಂಘದ ಮನೆ ಇದೆ. 1968ರಲ್ಲಿ ಈ ಸಂಘ ಹುಟ್ಟಿದಾಗ ಇಲ್ಲೆನ್ ಪೈಪ್ ನುಡಿಸುವವರು ಬೆರಳೆಣಿಕೆಯವರು ಎನ್ನುವ ಸ್ಥಿತಿ ಇತ್ತು. 2017ರಲ್ಲಿ ಈ ವಾದನ ಯುನೆಸ್ಕೋದ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿತು. ಮೊದಲ ಬಾರಿಗೆ ನೋಡುವವರಿಗೆ ಈ ವಾದ್ಯ ಒಂದು ಒಗಟು. ನುಡಿಸುವವರು ಕೂತೇ ನುಡಿಸಬೇಕು. ಬಲ ಮೊಣಕೈ ಕೆಳಗಿನ ತಿದಿ ಗಾಳಿ ತುಂಬುತ್ತದೆ, ಎಡ ಮೊಣಕೈ ಕೆಳಗಿನ ಚೀಲ ಅದನ್ನು ಹಿಡಿದಿಟ್ಟು ಕೊಡುತ್ತದೆ, ಬಾಯಿಂದ ಊದುವುದೇ ಇಲ್ಲ. ಎರಡು ಸ್ಥಾಯಿಗಳ ಒಂದು ನುಡಿಕೊಳವೆ, ನಿಲ್ಲದೆ ಶ್ರುತಿ ಹಿಡಿಯುವ ಮೂರು ಕೊಳವೆಗಳು, ಅವುಗಳ ಮೇಲೆ ಅಡ್ಡಲಾಗಿ ಮಣಿಕಟ್ಟಿನಿಂದ ಒತ್ತುವ ಕೀಲಿಗಳುಳ್ಳ ಇನ್ನೂ ಮೂರು. ನುಡಿಕೊಳವೆಯ ತುದಿಯನ್ನು ತೊಡೆಯ ಮೇಲಿನ ಚರ್ಮದ ತುಂಡಿಗೆ ಒತ್ತಿ ಮುಚ್ಚಿದರೆ ಸ್ವರ ಪೂರ್ತಿ ನಿಲ್ಲುತ್ತದೆ. ಹೀಗೆ ಸ್ವರ ಸ್ವರದ ನಡುವೆ ಮೌನ ಇಡಬಲ್ಲ ಶಕ್ತಿ ಬೇರೆ ಬಹಳಷ್ಟು ಚೀಲವಾದ್ಯಗಳಿಗೆ ಇಲ್ಲ.

ಇಲ್ಲಿ ಒಬ್ಬ ಹಿರಿಯ ಪೈಪರ್ ನನ್ನ ನಕಲನ್ನು ಮುಂದಿಟ್ಟುಕೊಂಡು ಆರೂ ಚರಣಗಳನ್ನು ನಿಧಾನವಾಗಿ ನುಡಿಸಿ ತೋರಿಸಿದರು. ಧಾಟಿಯ ಆಧಾರ ಪಾಶ್ಚಾತ್ಯ ಸ್ವರಲಿಪಿಯ ಡಿ ಸ್ವರ. ಏಳನೆಯ ಸ್ವರ ಕೋಮಲದ ಕಡೆ ವಾಲುತ್ತದೆ. ಪುಸ್ತಕ ಆ ನಿಷಾದವನ್ನು ಎರಡು ಸ್ಥಾನಗಳಲ್ಲಿ ಒಂದನ್ನು ಆರಿಸಿಕೊಂಡು ಮುದ್ರಿಸಲೇಬೇಕು. ಅವರ ಬೆರಳುಗಳಾದರೋ ಅದನ್ನು ಒಂದು ಕಡೆ ತುಸು ಮೇಲೆ, ಇನ್ನೊಂದು ಕಡೆ ತುಸು ಕೆಳಗೆ, ಎರಡಕ್ಕೂ ಸೇರದ ಜಾಗದಲ್ಲಿ ನಿಲ್ಲಿಸಿದವು. ಕೆಳಗಿನ ಡಿ ಸ್ವರವನ್ನು ಪುಸ್ತಕ ಒಂದು ದೀರ್ಘ ಸ್ವರವಾಗಿ ಬರೆದಿದ್ದರೆ, ಅವರು ಅಲ್ಲಿ ಬೆರಳುಗಳನ್ನು ಒಂದಾದ ಮೇಲೊಂದು ಚಿಟಕಿಸಿ ಸ್ವರವನ್ನು ಮೂರಾಗಿ ಒಡೆದರು. ಇದಕ್ಕೆ ಪೈಪರ್‌ಗಳು ಕ್ರಾನ್ ಎನ್ನುತ್ತಾರೆ. ಅಚ್ಚಿನ ಪುಟ ಸುಳ್ಳು ಹೇಳುತ್ತಿಲ್ಲ, ಆದರೆ ಅದನ್ನು ಓದಲು ಕೈಗೆ ಮೊದಲೇ ಪಾಠವಾಗಿರಬೇಕು.

ಈ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಬ್ರೆಂಡನ್ ಬ್ರೆಹ್‌ನಾಕ್ (1912–1985) ಅವರ ಕೆಲಸದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕುಣಿತದ ಧಾಟಿಗಳ ಅವರ ಮೊದಲ ಸಂಪುಟ 1963ರಲ್ಲಿ ಬಂತು. ಕೊನೆಯ ಎರಡು ಸಂಪುಟಗಳು ಅವರು ತೀರಿಕೊಂಡ ಮೇಲೆ ಬೇರೆಯವರ ಸಂಪಾದನೆಯಲ್ಲಿ ಬಂದವು. ಒಂದೇ ಧಾಟಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಊರಿಗೊಂದು ಧಾಟಿ ಇರುವ ಈ ಸಂಗೀತದಲ್ಲಿ ಹೆಸರು ನಂಬಿ ಹುಡುಕಿದರೆ ದಾರಿ ತಪ್ಪುವುದು ಖಂಡಿತ ಎಂದು ಅರಿತು, ಅವರು ಪ್ರತಿ ಧಾಟಿಯ ಆರಂಭದ ಸ್ವರಗಳನ್ನೇ ಸಂಕೇತಗಳಾಗಿ ಮಾಡಿ ಚೀಟಿಗಳಲ್ಲಿ ಜೋಡಿಸಿದರು. ಆಗ ಹೆಸರು ಬೇರೆಯಾಗಿದ್ದರೂ ಒಡಹುಟ್ಟಿದ ಧಾಟಿಗಳು ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸರ್ಕಾರಿ ನೌಕರಿಯ ಜೊತೆಗೇ ಅವರು ಈ ಕೆಲಸವನ್ನು ಶುರುಮಾಡಿದ್ದರು.

ಮಧ್ಯಾಹ್ನ ಬಸ್ಸು ಹಿಡಿದು ಡಬ್ಲಿನ್ನಿನ ಉತ್ತರಕ್ಕಿರುವ ನೋಲ್ ಎಂಬ ಪುಟ್ಟ ಊರಿಗೆ ಹೋದೆ. ಪೈಪರ್ ಶೇಮಸ್ ಎನ್ನಿಸ್ (1919–1982) ತಮ್ಮ ಕೊನೆಯ ವರ್ಷಗಳನ್ನು ಅಜ್ಜ-ಅಜ್ಜಿಯರಿಗೆ ಸೇರಿದ್ದ ಜಮೀನಿನಲ್ಲಿ ಕಳೆದ ಊರು ಇದು. ಅವರ ಹೆಸರಿನ ಕಲಾಕೇಂದ್ರವೂ ಇಲ್ಲೇ ಇದೆ. ‘ಫ್ರೀಜ್ ಬ್ರಿಚಸ್’ ಎಂದರೆ ಇಂದಿನ ಪೈಪರ್‌ಗಳಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಎನ್ನಿಸ್ ಅವರ ವಾದನ. ಅದನ್ನು ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಅನಿಸಿದ್ದಿಷ್ಟು: ಅವರು ಒಂದು ಚರಣವನ್ನು ಎರಡನೆಯ ಸಲ ನುಡಿಸುವಾಗ ಮೊದಲ ಸಲದ ಹಾಗೆ ನುಡಿಸುವುದಿಲ್ಲ. ಮೊದಲು ಬಿಡಿಸಿ ನುಡಿಸಿದ ಸ್ವರಗುಚ್ಛವನ್ನು ಎರಡನೆಯ ಸಲ ಕಡಿದು, ಬಿಗಿದು ಕೊಡುತ್ತಾರೆ. ಪುಸ್ತಕದಲ್ಲಿ ಪುನರಾವೃತ್ತಿಯ ಎರಡು ಚುಕ್ಕಿಗಳಿರುವ ಜಾಗದಲ್ಲಿ ಅವರ ಕಲ್ಪನೆಯೆಲ್ಲ ಇದೆ. ಇದೇ ಎನ್ನಿಸ್ ಯೌವನದಲ್ಲಿ ಡಬ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಸ್ವರಲಿಪಿ ಬರೆಯುವುದನ್ನು ಕಲಿತು, 1942ರಿಂದ 1947ರವರೆಗೆ ಜಾನಪದ ಆಯೋಗದ ಪರವಾಗಿ ಊರೂರು ಸುತ್ತಿ ಹಾಡುಗಳನ್ನು ಕೇಳಿ ಬರೆದುಕೊಂಡವರು. ಯುದ್ಧಕಾಲದ ಇಂಧನದ ಅಭಾವದಲ್ಲಿ ಅವರ ವಾಹನ ಬಹುತೇಕ ಸೈಕಲ್ಲೇ. ನುಡಿಯನ್ನೂ ಲಿಪಿಯನ್ನೂ ಸಮವಾಗಿ ಬಲ್ಲ ಇಂಥವರು ಈ ಪರಂಪರೆಯಲ್ಲಿ ವಿರಳ.

ಬುಧವಾರ, ಕಾರ್ಕ್

ಹ್ಯೂಸ್ಟನ್ ನಿಲ್ದಾಣದಿಂದ ಕಾರ್ಕ್‌ಗೆ ರೈಲಿನಲ್ಲಿ ಎರಡೂವರೆ ತಾಸು. ದಾರಿಯುದ್ದಕ್ಕೂ ಕಿವಿಗೆ ಹಾಕಿಕೊಂಡದ್ದು ಅಮೆರಿಕದ ಮಿಲ್ವಾಕೀ ನಗರದ ಐರಿಷ್ ಸಂಗೀತ ಸಂಗ್ರಹಾಲಯ ಅಂತರ್ಜಾಲಕ್ಕೆ ಏರಿಸಿರುವ, ಹಿಂದೆ ಧ್ವನಿ ಮುದ್ರಿಸಲು ಬಳಸುತ್ತಿದ್ದ ಮೇಣದ ಸಿಲಿಂಡರುಗಳ ಧ್ವನಿ. ಓನೀಲ್ ಅವರ ಸ್ನೇಹಿತರಾಗಿದ್ದ ಮಿಲ್ವಾಕೀಯ ಅಗ್ನಿಶಾಮಕ ದಳದ ನೌಕರ, ಪಿಟೀಲುವಾದಕ ಮೈಕೆಲ್ ಡನ್ ಅವರ ಕುಟುಂಬದಲ್ಲಿ ದಶಕಗಳ ಕಾಲ ಉಳಿದುಬಂದ ಸಿಲಿಂಡರುಗಳಿವು. ಓನೀಲ್ ಬಳಗದ ವಾದಕರ ಕೈ ಹೇಗಿತ್ತೆಂದು ಪುಸ್ತಕದ ಆಚೆ ತಿಳಿಯಲು ನಮಗಿರುವ ಅಮೂಲ್ಯ ಸಾಕ್ಷ್ಯ ಇದು. ಡಿಲೇನಿ ಅವರ ಪೈಪ್ ಕೂಡ ಇದರಲ್ಲಿದೆ. ನಾನು ಅವರನ್ನು ಕೇಳಿದ್ದು ಧಾಟಿಗಾಗಿ ಅಲ್ಲ, ನಡೆಗಾಗಿ. ಕರಕರ ಸದ್ದಿನ ಹಿಂದಿನಿಂದ ಬರುವ ಆ ವಾದನ ಕುಣಿಯುವವರ ಕಾಲಿಗೆ ತಾಳ ಕೊಡುವ ವಾದನ. ಅದನ್ನು ಕೇಳಿದ ಮೇಲೆ 1903ರ ಪುಟದಲ್ಲಿ ಸಾಲಾಗಿ ನಿಂತ ಸ್ವರಗಳು ಮೊದಲಿನಷ್ಟು ನೀರಸವಾಗಿ ಕಾಣಲಿಲ್ಲ.

ಮೇಣದ ಸಿಲಿಂಡರಿನ ಮಿತಿಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದಕ್ಕೂ ಚರಣಗಳ ಸಂಖ್ಯೆಗೂ ನೇರ ಸಂಬಂಧವಿದೆ ಎಂದು ನನ್ನ ಅನಿಸಿಕೆ. ಆ ಕಾಲದ ಸಾಮಾನ್ಯ ಸಿಲಿಂಡರು ಹಿಡಿಯುತ್ತಿದ್ದುದು ಸುಮಾರು ಎರಡು ನಿಮಿಷ. ಆರು ಚರಣ, ಒಂದೊಂದು ಎಂಟು ಆವರ್ತನ, ಎರಡೆರಡು ಸಲ ಎಂದರೆ 96 ಆವರ್ತನ. ಆವರ್ತನಕ್ಕೆ ಎರಡು ಪೆಟ್ಟಿನಂತೆ 192 ಪೆಟ್ಟು. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ನಿಮಿಷ 36 ಸೆಕೆಂಡು. ಅಂದರೆ ಸಿಲಿಂಡರಿನಲ್ಲಿ ಇಡೀ ಜಿಗ್ ಒಂದೇ ಸುತ್ತು. ಮುಂದೆ ಬಂದ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಸಿಕ್ಕಿತು, ಅದರಲ್ಲೂ ಆರು ಚರಣಗಳ ಎರಡು ಸುತ್ತು ಹಿಡಿಯುವುದಿಲ್ಲ. ಮೇಲಾಗಿ ಒಂದು ಬದಿಯಲ್ಲಿ ಎರಡು ಧಾಟಿಗಳನ್ನು ಪೋಣಿಸುವ ರೂಢಿ ಬಂದಿತ್ತು. ಉದ್ದದ ಜಿಗ್‌ಗಳು ಅಂಚಿಗೆ ಸರಿಯಲು, ಸರಿಯದಿದ್ದರೂ ಸೊರಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಾರ್ಕ್ ವಿಶ್ವವಿದ್ಯಾಲಯದಲ್ಲಿ ಐರಿಷ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಪಾದ್ರಿ ರಿಚರ್ಡ್ ಹೆನೆಬ್ರಿ (1863–1916) ಈ ಕಥೆಯ ಇನ್ನೊಂದು ಕೊಂಡಿ. ವಾಟರ್‌ಫರ್ಡ್ ಸೀಮೆಯಲ್ಲಿ 1905ರಲ್ಲೇ ಸಿಲಿಂಡರು ಯಂತ್ರದಿಂದ ಹಾಡುಗಾರರನ್ನು ಮುದ್ರಿಸಿಕೊಂಡ ಇವರಿಗೆ, ಅಮೆರಿಕದ ಪೈಪರ್ ಪ್ಯಾಟ್ಸಿ ಟೂಹಿ ನುಡಿಸಿದ ಸಿಲಿಂಡರುಗಳನ್ನು ಓನೀಲ್ ಕಳಿಸಿಕೊಟ್ಟಿದ್ದರು. ಗಾಲ್ವೇ ಜಿಲ್ಲೆಯಲ್ಲಿ 1865ರಲ್ಲಿ ಹುಟ್ಟಿದ ಟೂಹಿ ಅಮೆರಿಕದ ರಂಗಮಂದಿರಗಳಲ್ಲಿ ನುಡಿಸಿ ಹೆಸರಾದವರು. ಮನೆಯಲ್ಲೇ ಸಿಲಿಂಡರು ತುಂಬಿಸಿ ಅಂಚೆಯ ಮೂಲಕ ಮಾರುತ್ತಿದ್ದರು. ಐರ್ಲೆಂಡಿನಿಂದ ಹಡಗು ಹತ್ತಿದ ಸಂಗೀತ ಮೇಣದ ಮೇಲೆ ಕೂತು ಹೀಗೆ ಐರ್ಲೆಂಡಿಗೇ ಹಿಂದಿರುಗಿತು, ಕೇಳಿದ ಹೆನೆಬ್ರಿ ಉಬ್ಬಿಹೋದರು.

ರಾತ್ರಿ ಉಳಿದದ್ದು ಕಾರ್ಕ್‌ನಲ್ಲೇ ನೆಲೆಸಿರುವ ಧಾರವಾಡದ ಗೆಳೆಯರ ಮನೆಯಲ್ಲಿ. ಚಿಕ್ಕಂದಿನಲ್ಲಿ ತಬಲಾ ಕಲಿತವರು. ಎನ್ನಿಸ್ ಅವರ ಜಿಗ್ ಹಾಕಿದೆ. ಮೇಜಿನ ಮೇಲೆ ಬೆರಳು ತಟ್ಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ದಾದ್ರಾನ ಅಲ್ಲೇನ್ರಿ? ಸ್ವರಾನೂ ಖಮಾಜ್ ಇದ್ದಂಗ ಅದಾವು. ಆದ್ರ ನಡಿಗಿ ಬ್ಯಾರೆ ಐತ್ರಿ, ಮೂರರಾಗ ಮೊದಲಿಂದು ಉದ್ದ ಹಿಡೀತಾನ, ನಡುವಿಂದು ನುಂಗ್ತಾನ” ಎಂದರು. ಜಿಗ್‌ನ ಜೀವವೇ ಅದು. ಆರು ಸಮಸ್ವರಗಳನ್ನು ಎರಡು ಗುಂಪಾಗಿ ಬರೆಯುವ ಯಾವ ಪುಸ್ತಕದಲ್ಲೂ ಕಾಣದ ಈ ಸಂಗತಿ ಅವರ ಕಿವಿಗೆ ಮೊದಲ ಸುತ್ತಿನಲ್ಲೇ ಸಿಕ್ಕಿತ್ತು.

ಗುರುವಾರ, ಬ್ಯಾಂಟ್ರಿ ಮತ್ತು ಟ್ರಾಲಿಬೇನ್

ಕಾರ್ಕ್‌ನಿಂದ ಬ್ಯಾಂಟ್ರಿಗೆ ಬಸ್ಸು, ಅಲ್ಲಿಂದ ಟ್ರಾಲಿಬೇನ್‌ಗೆ ಟ್ಯಾಕ್ಸಿ. ದೊಡ್ಡ ಊರೇನಲ್ಲ, ಹುಲ್ಲುಗಾವಲು, ಬೇಲಿಗಿಡ, ಅಲ್ಲೊಂದು ಇಲ್ಲೊಂದು ಮನೆ. 1848ರ ಆಗಸ್ಟಿನಲ್ಲಿ, ಮಹಾಕ್ಷಾಮ ಇನ್ನೂ ಬಿಟ್ಟಿರದ ಸೀಮೆಯಲ್ಲಿ, ಫ್ರಾನ್ಸಿಸ್ ಓನೀಲ್ ಹುಟ್ಟಿದ್ದು ಇಲ್ಲಿ. ರಸ್ತೆಯ ಬದಿಯಲ್ಲಿ ಕೊಳಲು ನುಡಿಸುತ್ತಿರುವ ಅವರ ಕಂಚಿನ ಪ್ರತಿಮೆ ಇದೆ. 2000ನೇ ಇಸವಿಯಲ್ಲಿ ನಿಲ್ಲಿಸಿದ್ದು. ಬೆರಳುಗಳು ರಂಧ್ರಗಳ ಮೇಲೆ ಕೂತಿರುವ ರೀತಿಯನ್ನು ಹತ್ತಿರ ಹೋಗಿ ನೋಡಿದೆ.

ಅವರ ತಾಯಿ ಕ್ಯಾಥರೀನ್ ಓಮಹನಿ. ತವರುಮನೆಯಲ್ಲಿ ಸಂಚಾರಿ ಪೈಪರ್‌ಗಳಿಗೂ ಪಿಟೀಲುವಾದಕರಿಗೂ ಊಟ, ಮಲಗುವ ಜಾಗ ಯಾವಾಗಲೂ ಸಿಗುತ್ತಿತ್ತು, ಆ ವಾದಕರ ಧಾಟಿಗಳನ್ನು ಕೇಳುತ್ತ ಅವರು ಬೆಳೆದರು ಎಂದು ಮಗ ಬರೆದಿದ್ದಾರೆ. ತಂದೆ ಜಾನ್ ಕೂಡ ಹಾಡುತ್ತಿದ್ದವರು. 1865ರಲ್ಲಿ, ಹದಿನಾರರ ವಯಸ್ಸಿನಲ್ಲಿ ಫ್ರಾನ್ಸಿಸ್ ಮನೆ ಬಿಟ್ಟು ಹಡಗಿನ ಕೆಲಸಕ್ಕೆ ಸೇರಿದರು. ಆ ಮನೆಯಲ್ಲಿ ಕೇಳಿದ ಚರಣ ಅಚ್ಚಾದದ್ದು 1903ರಲ್ಲಿ. ನಡುವೆ ಮೂವತ್ತೆಂಟು ವರ್ಷ, ಸಮುದ್ರಯಾನ, ಹಡಗು ಒಡೆದು ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಸಿಕ್ಕಿಬಿದ್ದದ್ದು, ಶಿಕಾಗೋದ ಪೊಲೀಸ್ ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಳ್ಳನೊಬ್ಬನ ಗುಂಡು ಬೆನ್ನಿಗೆ ಹೊಕ್ಕು ಜೀವನಪೂರ್ತಿ ಅಲ್ಲೇ ಉಳಿದದ್ದು, ಮಕ್ಕಳ ಸಾವುಗಳು. ಇಷ್ಟರ ಆಚೆಗೂ ಒಂದು ಹಾಡಿನ ಎಂಟು ಆವರ್ತನಗಳು ಕೆಡದೆ ಉಳಿದವು.

ನನ್ನ ಮನಸ್ಸಿಗೆ ಹತ್ತಿರವಾದ ಸಂಗತಿ ಇಲ್ಲಿದೆ. ಓನೀಲ್ ಅವರ ಪುಸ್ತಕಗಳಲ್ಲಿ ಬರುವ ವಾದಕರಲ್ಲಿ ಹೆಚ್ಚಿನವರು ಗಂಡಸರು, ಹೆಸರು ಊರು ಸಮೇತ ದಾಖಲಾದವರು. ಡಿಲೇನಿ ಎಂದರೆ ಟಲಮೋರ್‌ನವರು, ಟೂಹಿ ಎಂದರೆ ಲೋಕ್‌ರೇ ಕಡೆಯವರು ಎಂದು ನಾವು ಈಗಲೂ ಹೇಳುತ್ತೇವೆ. ಅಡುಗೆಮನೆಯಲ್ಲಿ ಹಾಡಿದ ಹೆಂಗಸರ ಕೊಡುಗೆ ಇಂಥ ಒಂದೊಂದು ವಾಕ್ಯದಲ್ಲಿ ಇಣುಕಿ ಮರೆಯಾಗುತ್ತದೆ. ಮಗ ಅದನ್ನು ಮುಚ್ಚಿಡಲಿಲ್ಲ, ತಾಯಿಯಿಂದ ಎಂದು ಸ್ಪಷ್ಟವಾಗಿ ಹೇಳಿದರು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವ ಇದೆ. ಆ ಪುಸ್ತಕದಿಂದ ಪ್ರತಿ ಮಾಡಿಕೊಂಡು ಬಂದ ಮುಂದಿನ ಕಾಲದವರಾದರೂ ಈ ವಾಕ್ಯವನ್ನು ಚರಣದ ಜೊತೆಗೇ ಸಾಗಿಸಬೇಕಿತ್ತು.

ಶುಕ್ರವಾರ

ಬ್ಯಾಂಟ್ರಿಯಿಂದ ಕಾರ್ಕ್, ಲಿಮರಿಕ್ ಮೇಲೆ ಗಾಲ್ವೇ. ದಿನವೆಲ್ಲ ಬಸ್ಸಿನಲ್ಲೇ ಹೋಯಿತು. ಹೊರಗೆ ಬಿಡದೆ ಮಳೆ.

ಶನಿವಾರ, ಕಾರ್ನಾ

ಗಾಲ್ವೇಯಿಂದ ಪಶ್ಚಿಮಕ್ಕೆ, ಕನಮಾರದ ಕಲ್ಲುಗೋಡೆಗಳ ಮತ್ತು ಕೆರೆಗಳ ನಡುವೆ ಸಾಗಿದರೆ ಕಾರ್ನಾ ಸಿಗುತ್ತದೆ. ಇಲ್ಲಿ ಮನೆಮಾತು ಐರಿಷ್. ಶೇಮಸ್ ಎನ್ನಿಸ್ ಆಯೋಗದ ಕೆಲಸದ ಮೇಲೆ ಬಂದು ಅತಿ ಹೆಚ್ಚು ಹಾಡುಗಳನ್ನು ಬರೆದುಕೊಂಡದ್ದು ಪಕ್ಕದ ಗ್ಲಿನ್‌ಸ್ಕದ ಕೋಲಮ್ ಓ ಕೀಯನ್ ಎಂಬ ರೈತ-ಮೀನುಗಾರನಿಂದ. ಅವನೊಬ್ಬನಿಂದಲೇ 200ಕ್ಕೂ ಹೆಚ್ಚು. ಸಾಂಪ್ರದಾಯಿಕ ಗಾಯಕ ಜೋ ಹೀನಿ (1919–1984) ಹುಟ್ಟಿದ್ದೂ ಈ ಸೀಮೆಯಲ್ಲೇ. ಅಮೆರಿಕದ ಸಿಯಾಟಲ್ ನಗರದಲ್ಲಿ ತೀರಿಕೊಂಡ ಅವರ ಸಮಾಧಿ ಊರ ಹತ್ತಿರದ ಮೀರಸ್‌ನಲ್ಲಿದೆ.

ಇಲ್ಲಿಗೆ ಬಂದದ್ದಕ್ಕೆ ಕಾರಣ ‘ಕೂನ್ಲಾ’ ಎಂಬ ಹಾಡು. ಹೆಣ್ಣು ಕೇಳುತ್ತಾಳೆ: ಅಲ್ಲಿ ಬೇಲಿಗೋಡೆ ಕೆಡವುತ್ತಿರುವವರು ಯಾರು? ಕೂನ್ಲಾ ತಾನೇ ಎನ್ನುತ್ತಾನೆ. ನುಡಿ ನುಡಿಗೂ ಅವನು ಮನೆಗೆ ಹತ್ತಿರವಾಗುತ್ತ ಹೋಗುತ್ತಾನೆ, ಇನ್ನು ಹತ್ತಿರ ಬರಬೇಡ ಎಂದು ಅವಳು ಹೇಳುತ್ತಲೇ ಇರುತ್ತಾಳೆ. ಜೋ ಹೀನಿ ಇದನ್ನು ಹಾಡಿದ್ದಾರೆ. ಹಾಡಿನ ಧಾಟಿಗೂ ‘ಫ್ರೀಜ್ ಬ್ರಿಚಸ್’ ಜಿಗ್‌ಗೂ ಒಂದೇ ಮನೆತನ. 1973ರಲ್ಲಿ ಪ್ಲಾಂಕ್ಸ್‌ಟಿ ಎಂಬ ತಂಡ ತನ್ನ ಎರಡನೆಯ ಧ್ವನಿಮುದ್ರಿಕೆಯಲ್ಲಿ ಈ ಜಿಗ್ಗನ್ನು ನುಡಿಸಿ ಅದಕ್ಕೆ ಹಾಡಿನ ಹೆಸರನ್ನೇ ಕೊಟ್ಟಿತು. ಆ ತಂಡದ ಪೈಪರ್ ಲೀಯಮ್ ಓಫ್ಲಿನ್, ಎನ್ನಿಸ್ ಅವರ ಪೈಪ್‌ಗೇ ವಾರಸುದಾರರಾದವರು.

ನಾನು ಉಳಿದಿದ್ದ ಮನೆಯ ಹಿರಿಯ ಹೆಂಗಸು ಸಂಜೆ ಅಡುಗೆಮನೆಯಲ್ಲಿ ಈ ಹಾಡಿನ ಎರಡು ನುಡಿ ಹಾಡಿ ತೋರಿಸಿದರು. ಅವರು ತಾಳ ಹಾಕಲಿಲ್ಲ, ಅವಸರವನ್ನೂ ಮಾಡಲಿಲ್ಲ. ಪ್ರಶ್ನೆ ಬಂದಾಗ ಒಂದು ಸ್ವರವನ್ನು ಎಳೆದು, ಉತ್ತರ ಬಂದಾಗ ಚಟಕ್ಕನೆ ಮುಗಿಸಿದರು. ಧಾಟಿ ಅವರ ಗಂಟಲಿಗೆ ಒಗ್ಗುವ ಎತ್ತರದಲ್ಲೇ ಓಡಾಡಿತು, ಪೈಪ್‌ನ ಮೇಲಿನ ಸ್ಥಾಯಿಯ ತುತ್ತತುದಿಗೆ ಒಮ್ಮೆಯೂ ಏರಲಿಲ್ಲ. ನಾನು ಪೆನ್ಸಿಲ್ ನಕಲನ್ನು ಮೇಜಿನ ಮೇಲೆ ಹರಡಿ ಹೋಲಿಸಿದೆ. ಹಾಡುವವರಿಗೆ ಸುಲಭವಾದ ಚರಣಗಳು ಯಾವುವು, ಬೆರಳಿಗೆಂದೇ ಹುಟ್ಟಿದ ಚರಣಗಳು ಯಾವುವು ಎಂದು ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಮೇಲಕ್ಕೆ ಜಿಗಿದು ಅಲ್ಲೇ ಸುತ್ತುವವು ಪೈಪರ್‌ನ ಸೊತ್ತು. ತಾಯಿಯ ಚರಣ ಉಳಿದವುಗಳ ನಡುವೆ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವುಗಳಲ್ಲಿ ಇದೇ ಎಂದು ಬೊಟ್ಟು ಮಾಡಲು ನಾನು ಹೋಗಲಾರೆ, ಏಕೆಂದರೆ ಅವುಗಳೆಲ್ಲ ಹಾಡಿನಿಂದಲೇ ಬಂದಂತೆ ಕೇಳುತ್ತವೆ. ಡಿಲೇನಿಯ ಐದರಲ್ಲೂ ಕೆಲವು ಅವರಿಗಿಂತ ಹಿಂದಿನ ಯಾವುದೋ ಅಡುಗೆಮನೆಯಿಂದಲೇ ಬಂದಿರಬೇಕು. ಹಾಗಾಗಿ ಕ್ಯಾಥರೀನ್ ಓಮಹನಿಯವರ ಚರಣವನ್ನು ಪೈಪರ್‌ನ ಜಿಗ್‌ಗೆ ಹೊರಗಿನಿಂದ ಹಚ್ಚಿದ ತೇಪೆ ಎಂದು ತಿಳಿದು, ಐದೇ ಅಸಲು ಎಂದು ವಾದಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಖಾಲಿ ಬಿಟ್ಟಿದ್ದ ಸಾಲುಗಳನ್ನು ಆ ರಾತ್ರಿ ತುಂಬಿದೆ. ಮೇಲಕ್ಕೆ ಏರುವ ಚರಣಗಳ ಪಕ್ಕದಲ್ಲಿ ಡಿಲೇನಿ, ಟಲಮೋರ್ ಎಂದೂ, ಉಳಿದವುಗಳ ಪಕ್ಕದಲ್ಲಿ ಡಿಲೇನಿ ಅಥವಾ ಕ್ಯಾಥರೀನ್ ಓಮಹನಿ, ಟ್ರಾಲಿಬೇನ್ ಎಂದೂ ಬರೆದು, ಪುಟದ ತಲೆಗೆ ಲಿಪಿಕಾರ ಜೇಮ್ಸ್ ಓನೀಲ್ ಅವರ ಹೆಸರು ಸೇರಿಸಿದೆ. ಸೋಮವಾರ ಈ ಹಾಳೆಯ ಒಂದು ಪ್ರತಿ ಹೆನ್ರಿಯೆಟ್ಟಾ ಬೀದಿಯಲ್ಲಿ ಆರೂ ಚರಣಗಳನ್ನು ನುಡಿಸಿ ತೋರಿಸಿದ ಪೈಪರ್‌ಗೆ ಹೋಗುತ್ತದೆ. ಮುಂದಿನ ತಿಂಗಳಿನಿಂದ ಆರನ್ನೂ ತಮ್ಮ ಶಿಷ್ಯರಿಗೆ ಕಲಿಸುವುದಾಗಿ ಅವರು ಫೋನಿನಲ್ಲಿ ಹೇಳಿದ್ದಾರೆ.